ಅಂಗಡಿಕಾರ ಕಟ್ಟಿಸಿದ ಕೃಷಿ ಕಾಲೇಜುಗಳು

ಅಮೆರಿಕದಲ್ಲಿ ಕೃಷಿ ಕಾಲೇಜುಗಳಿಗೆ ದಾರಿ ಮಾಡಿದ ಕಾಯ್ದೆ ತಂದ ಜಸ್ಟಿನ್ ಮೊರಿಲ್ ಸ್ವತಃ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. 1810ರಲ್ಲಿ ಅಮೆರಿಕದ ವರ್ಮೊಂಟ್ ರಾಜ್ಯದ ಸ್ಟ್ರಾಫರ್ಡ್‌ನಲ್ಲಿ ಹುಟ್ಟಿದ ಕಮ್ಮಾರನ ಮಗ. ಹದಿನೈದಕ್ಕೇ ಓದು ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದರು. ಮುಂದೆ ಪಾಲುದಾರರಾಗಿ ಚೆನ್ನಾಗಿ ದುಡ್ಡು ಮಾಡಿ, ನಲವತ್ತು ತುಂಬುವ ಮೊದಲೇ ವ್ಯಾಪಾರ ಬಿಟ್ಟರು. ನರಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು ಉದ್ರಿ ವಸೂಲಿಗೆ ಓಡಾಡುವ ನನಗೆ ಇದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು!

1855ರಲ್ಲಿ ಸಂಸತ್ತಿಗೆ ಹೋದರು. 1867ರಿಂದ ಅದರ ಮೇಲ್ಮನೆಯಾದ ಸೆನೆಟ್‌ನಲ್ಲಿ, 1898ರಲ್ಲಿ ಸಾಯುವ ತನಕ. ರೈತರ, ಕುಶಲಕರ್ಮಿಗಳ ಮಕ್ಕಳಿಗೂ ಕಾಲೇಜು ಬೇಕು ಅಂತ 1857ರಲ್ಲೇ ಮಸೂದೆ ತಂದರು. ಅದು ಪಾಸಾದರೂ 1859ರಲ್ಲಿ ಅಧ್ಯಕ್ಷ ಬುಕಾನನ್ ಸಹಿ ಹಾಕಲಿಲ್ಲ. ಆಮೇಲೆ ಉತ್ತರ-ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ವಿರೋಧಿಸುತ್ತಿದ್ದ ದಕ್ಷಿಣದ ಸದಸ್ಯರು ಸಂಸತ್ತು ಬಿಟ್ಟು ಹೋದರು. 1862ರ ಜುಲೈ 2ರಂದು ಮಸೂದೆಗೆ ಅಧ್ಯಕ್ಷ ಲಿಂಕನ್ ಸಹಿ ಬಿತ್ತು. ಅದೇ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತು, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು.

ಕಾಯ್ದೆಯ ಲೆಕ್ಕ ಸರಳ. ಪ್ರತಿ ರಾಜ್ಯಕ್ಕೆ, ಅದರ ಒಬ್ಬೊಬ್ಬ ಸಂಸದನ ಲೆಕ್ಕದಲ್ಲಿ 30,000 ಎಕರೆಯಂತೆ ಸರ್ಕಾರಿ ಜಮೀನು. ಅದನ್ನು ಮಾರಿ, ಬಂದ ದುಡ್ಡನ್ನು ಹೂಡಿ, ಬಡ್ಡಿಯಲ್ಲಿ ಕಾಲೇಜು ನಡೆಸಬೇಕು. ಎಲ್ಲರೂ ಒಟ್ಟಿಗೆ ಮಾರಲು ನಿಂತರೆ ದರ ಬೀಳದೇ ಇರುತ್ತಾ? ಬಿತ್ತು. ಎಷ್ಟೋ ರಾಜ್ಯಗಳು ಕಡಿಮೆ ದರಕ್ಕೇ ಕೊಟ್ಟುಬಿಟ್ಟವು. ಉದ್ಯಮಿ ಎಜ್ರಾ ಕಾರ್ನೆಲ್ ಮಾತ್ರ ನ್ಯೂಯಾರ್ಕ್ ರಾಜ್ಯದ ಪಾಲಲ್ಲಿ ವಿಸ್ಕಾನ್ಸಿನ್ ರಾಜ್ಯದ ಪೈನ್ ಕಾಡು ಹಿಡಿದು, ದರ ಏರಲಿ ಅಂತ ಕಾದರು. ಕಾರ್ನೆಲ್ ವಿಶ್ವವಿದ್ಯಾಲಯ ಬೆಳೆದದ್ದು ಆ ದುಡ್ಡಿನಲ್ಲಿ. ಫೆಬ್ರುವರಿಯಲ್ಲಿ ಹತ್ತಿ ಮಾರೋದೋ ಇಡೋದೋ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತು.

ಆದರೆ ಆ ಜಮೀನು ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಮೊರಿಲ್ ಅವರನ್ನು ಹೊಗಳುವಾಗ ಇದನ್ನು ನುಂಗಿಕೊಳ್ಳೋದು ನನಗೆ ಸರಿ ಕಾಣಲ್ಲ. 1890ರ ಎರಡನೇ ಕಾಯ್ದೆಯಿಂದ ಕಪ್ಪು ಜನರ ಕಾಲೇಜುಗಳಿಗೂ ಹಣ ಸಿಕ್ಕಿತು, ಅದೂ ನಿಜ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಇದೇ ಮಾದರಿಯವು. 1960ರಲ್ಲಿ ಉತ್ತರ ಭಾರತದ ಪಂತನಗರದ ಕೃಷಿ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಇಲಿನಾಯ್, ನಂತರ ಬೆಂಗಳೂರಿಗೆ ಟೆನೆಸ್ಸಿ ವಿಶ್ವವಿದ್ಯಾಲಯ ನೆರವಾಯಿತು. 1947ರ ಧಾರವಾಡದ ಕೃಷಿ ಕಾಲೇಜು ಬೆಂಗಳೂರಿನ ಅಡಿಯಲ್ಲಿದ್ದು, 1986ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಹತ್ತಿ ತಳಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ಮಾಡಿದ್ದು ಧಾರವಾಡದಲ್ಲೇ, 1972ರಲ್ಲಿ. ಮಲಪ್ರಭಾ ಕಾಲುವೆ ನೀರಿಗೆ ಅದನ್ನು ಬೆಳೆದೇ ಅಪ್ಪ ನಮ್ಮ ಮನೆ ಮೇಲೆ ಮಾಳಿಗೆ ಎಬ್ಬಿಸಿದ್ದು.