ಸಾಫ್ಟ್‌ವೇರ್ ಹೇಳೋ ಪ್ರೆಶರ್ ನಂಬಬಹುದಾ?

ರೈಫಲ್ ಗುಂಡುಗಳನ್ನು ತಾವೇ ಲೋಡ್ ಮಾಡಿಕೊಳ್ಳುವವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಕ್ವಿಕ್‌ಲೋಡ್, ಜಿಆರ್‌ಟಿ ಇವೆಲ್ಲ ತೋರಿಸೋ ಪ್ರೆಶರ್ ಎಷ್ಟು ಕರೆಕ್ಟು?’ ಗುಂಡು ಹಾರಿದಾಗ ರೈಫಲ್ ಒಳಗೆ ಏಳುವ ಪ್ರೆಶರ್ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳು ಇವು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ನೀವು ಒಳಗೆ ತುಂಬಿದ ಅಳತೆಗಳು ಎಷ್ಟು ಕರೆಕ್ಟೋ, ಉತ್ತರ ಅದಕ್ಕಿಂತ ಒಂದು ಕೈ ಕಮ್ಮಿಯೇ.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ. ಒಮ್ಮೆ ಒಬ್ಬರು ಫೋನ್ ಮುಂದೆ ಹಿಡಿದರು. ಗುಂಡಿನ ಮಾದರಿ .308 ವಿಂಚೆಸ್ಟರ್, ಪ್ರೆಶರ್ 60,000 ಪಿಎಸ್‌ಐಗೆ ಚೂರು ಮೇಲೆ. ‘ಸಾಮಿ ಮಿತಿ 62,000 ಅಲ್ವಾ ಸಾರ್, ಇನ್ನೂ ಜಾಗ ಇದೆ, ಸ್ವಲ್ಪ ಪೌಡರ್ ಜಾಸ್ತಿ ಮಾಡ್ಲಾ?’ (ಸಾಮಿ ಅಂದರೆ ಗುಂಡುಗಳ ಪ್ರೆಶರ್ ಮಿತಿ ಗೊತ್ತು ಮಾಡುವ ಅಮೆರಿಕದ ಸಂಸ್ಥೆ.) ಕೇಸ್ (ಪೌಡರ್ ತುಂಬುವ ಲೋಹದ ಕೊಳವೆ) ಒಳಗೆ ಎಷ್ಟು ನೀರು ಹಿಡಿಯುತ್ತೆ, ಅಳೆದಿದ್ದೀರಾ ಅಂದೆ. ಇಲ್ಲವಂತೆ, ಸಾಫ್ಟ್‌ವೇರ್‌ನಲ್ಲಿ ಮೊದಲೇ ಇದ್ದ ಅಂಕಿಯಂತೆ. ಅವರದು ದಪ್ಪ ಗೋಡೆಯ ಮಿಲಿಟರಿ ಕೇಸ್. ಅವರ ರೈಫಲ್‌ನಲ್ಲೇ ಹಾರಿಸಿದ ಖಾಲಿ ಕೇಸನ್ನು, ಹಳೇ ಪ್ರೈಮರ್ (ಪೌಡರ್‌ಗೆ ಕಿಡಿ ಕೊಡುವ ಬುಡದ ಬಿಲ್ಲೆ) ತೆಗೆಯದೆ, ತೂಕ ಮಾಡಿದೆವು. ಬಾಯಿಮಟ್ಟ ನೀರು ತುಂಬಿ ಮತ್ತೆ ತೂಗಿದೆವು. ಹಿಡಿದ ನೀರು ಸಾಫ್ಟ್‌ವೇರ್‌ನ ಅಂಕಿಗಿಂತ ಎರಡು ಗ್ರೇನ್ (ತೂಕದ ಚಿಕ್ಕ ಅಳತೆ) ಕಮ್ಮಿ ಬಂತು. ಒಳಗೆ ಜಾಗ ಕಮ್ಮಿ ಆದಷ್ಟೂ ಪ್ರೆಶರ್ ಜಾಸ್ತಿ. ಆ ಒಂದು ಅಂಕಿ ಬದಲಿಸಿದ್ದೇ ತಡ, ಪ್ರೆಶರ್ ಮಿತಿ ದಾಟಿ ಕೂತಿತು. ಅವರು ಕೇಳಿದ್ದೇನು ಗೊತ್ತಾ? ‘ಹಾಗಾದ್ರೆ ಸಾಫ್ಟ್‌ವೇರ್ ತಪ್ಪಾ?’

ಪೌಡರ್ ಸ್ವಭಾವವೇ ಹಾಗೆ. ಪ್ರೆಶರ್ ಏರಿದಷ್ಟೂ ಅದು ಬೇಗ ಉರಿಯುತ್ತೆ, ಬೇಗ ಉರಿದಷ್ಟೂ ಪ್ರೆಶರ್ ಏರುತ್ತೆ. ಹಾಗಾಗಿ ಸಣ್ಣ ವ್ಯತ್ಯಾಸವೂ ಬೆಳೆದು ದೊಡ್ಡದಾಗುತ್ತೆ. ಒಂದೇ ಹೆಸರಿನ ಪೌಡರ್ ಆದರೂ ಲಾಟ್‌ನಿಂದ ಲಾಟ್‌ಗೆ ಉರಿಯುವ ವೇಗ ಬೇರೆ. ಬಿಸಿಲಿಗೆ ಕಾದ ಗುಂಡು ಬೇರೆ. ಬುಲೆಟ್ (ಗುಂಡಿನ ತುದಿಯಲ್ಲಿ ಹಾರುವ ಭಾಗ) ಬ್ಯಾರಲ್‌ನ ಗೆರೆಗಳಿಗೆ ತಾಗಿಕೊಂಡಿದ್ದರೆ ಪ್ರೆಶರ್ ಇನ್ನೂ ಮೇಲೆ. ನಿಮ್ಮ ಡಬ್ಬಿ ಯಾವ ಲಾಟ್, ನಿಮ್ಮ ಚೇಂಬರ್ (ರೈಫಲ್‌ನಲ್ಲಿ ಗುಂಡು ಕೂರುವ ಜಾಗ) ಎಷ್ಟು ಬಿಗಿ ಅಂತ ಸಾಫ್ಟ್‌ವೇರ್‌ಗೆ ಕನಸು ಬೀಳುತ್ತಾ? ಹಾಗಿದ್ದೂ ಅದು ಕೊನೇ ಅಂಕಿವರೆಗೆ ಲೆಕ್ಕ ತೋರಿಸುತ್ತೆ. ಜನ ಮೋಸ ಹೋಗುವುದು ಆ ಕೊನೇ ಅಂಕಿಗಳಿಗೇ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಕ್ರೊನೊಗ್ರಾಫ್ (ಬುಲೆಟ್ ವೇಗ ಅಳೆಯುವ ಯಂತ್ರ) ಒಂದು ವೇಗ, ಸಾಫ್ಟ್‌ವೇರ್ ಇನ್ನೊಂದು ವೇಗ ಹೇಳಿದರೆ ಯಾರ ಮಾತು ಕೇಳಲಿ? ಕ್ರೊನೊಗ್ರಾಫ್ ಮಾತು ಕೇಳಿ. ಲೆಕ್ಕಕ್ಕಿಂತ ವೇಗ ಜಾಸ್ತಿ ಬಂದರೆ ‘ಆಹಾ, ಒಳ್ಳೇ ಬ್ಯಾರಲ್’ ಅಂತ ಬೀಗಬೇಡಿ. ಪ್ರೆಶರೂ ಲೆಕ್ಕಕ್ಕಿಂತ ಜಾಸ್ತಿಯೇ ಇದೆ ಅಂದುಕೊಂಡು ಅಲ್ಲಿಗೇ ನಿಲ್ಲಿಸಿ. ಕೇಸ್ ಅಳತೆ, ಗುಂಡಿನ ಉದ್ದ, ಬ್ಯಾರಲ್ ಉದ್ದ ಎಲ್ಲ ಸರಿಯಾಗಿ ಹಾಕಿದ ಮೇಲೆ ಪೌಡರ್ ಉರಿಯುವ ವೇಗದ ಅಂಕಿಯನ್ನು ತಿದ್ದಿ, ಎರಡೂ ವೇಗ ಹೊಂದುವ ಹಾಗೆ ಮಾಡಿ. ಆಗ ಅದರ ಮಾತಿಗೆ ಸ್ವಲ್ಪ ಬೆಲೆ ಬರುತ್ತೆ. ಆದರೂ ಅದು ಅಂದಾಜೇ. ಪ್ರೆಶರ್ ಅಳೆಯಲೇಬೇಕಂದರೆ ಟೆಸ್ಟ್ ಬ್ಯಾರಲ್‌ನ ಪಿಯೆಜೊ ಸೆನ್ಸರ್ ಬೇಕು, ಇಲ್ಲವೇ ಚೇಂಬರ್ ಮೇಲೆ ಅಂಟಿಸುವ ಸ್ಟ್ರೇನ್ ಗೇಜ್.

‘ಪ್ರೈಮರ್ ಚಪ್ಪಟೆ ಆಗಿಲ್ವಲ್ಲ ಸಾರ್, ಪ್ರೆಶರ್ ಮಿತಿ ಒಳಗೇ ಇದೆ’ ಅನ್ನುವವರಿಗೆ: ಪ್ರೈಮರ್ ತಗಡು ಗಟ್ಟಿ ಇದ್ದರೆ ಮಿತಿ ದಾಟಿದ ಮೇಲೂ ಅದು ಚಪ್ಪಟೆ ಆಗದೇ ಇರಬಹುದು. ಬೋಲ್ಟ್ (ಚೇಂಬರ್ ಮುಚ್ಚುವ ಭಾಗ) ತೆಗೆಯಲು ಬಿಗಿ ಆಗುವ ಹೊತ್ತಿಗಂತೂ ಬಹಳ ಸಲ ಮಿತಿ ಹಿಂದೆಯೇ ಉಳಿದಿರುತ್ತೆ.

ನಾನು ಸಾಫ್ಟ್‌ವೇರ್ ಬಳಸುವುದಿಲ್ಲ ಅಂತಲ್ಲ. ಎರಡು ಪೌಡರ್ ಹೋಲಿಸಲು, ಬುಲೆಟ್ ಇನ್ನೂ ಒಳಗೆ ಕೂರಿಸಿದರೆ ಪ್ರೆಶರ್ ಯಾವ ಕಡೆ ವಾಲುತ್ತೆ ನೋಡಲು ಅದಕ್ಕಿಂತ ಸುಲಭದ್ದಿಲ್ಲ. ಪೌಡರ್ ಕಂಪನಿಯ ಪುಸ್ತಕ ಒಂದು ಗರಿಷ್ಠ, ಸಾಫ್ಟ್‌ವೇರ್ ಇನ್ನೊಂದು ಗರಿಷ್ಠ ಹೇಳಿದರೆ ನನ್ನದು ಯಾವಾಗಲೂ ಕಮ್ಮಿ ಇರುವುದೇ.