ತೋಟದ ಕಾಮನಬಿಲ್ಲು

ನಿನ್ನೆ ಸಂಜೆ ಪೆರ್ಲದ ನಮ್ಮ ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಹನಿಗಳಿಗೆ ಇಳಿಬಿಸಿಲು ತಾಗಿದ್ದೇ ತಡ, ಸೋಗೆಗಳ ನಡುವೆ ಒಂದು ತುಂಡು ಕಾಮನಬಿಲ್ಲು! ‘ಅಜ್ಜಿ, ಅಲ್ಲಿ ನೋಡಿ’ ಎಂದೆ. ‘ಎಲ್ಲಿ ಮಗಾ?’ ಎಂದರು. ಕೈಹಿಡಿದು ನಾನು ನಿಂತಲ್ಲಿಗೇ ಕರೆತಂದ ಮೇಲೆ ಅವರಿಗೂ ಕಂಡಿತು.

ಆಗ ಕಲಾವಿದ ಓಲಾಫರ್ ಎಲಿಯಾಸನ್ ನೆನಪಾದರು. 1993ರ ಅವರ ‘ಬ್ಯೂಟಿ’ ಎಂಬ ಕಲಾಕೃತಿಯಲ್ಲಿ ಇರುವುದೂ ಇಷ್ಟೇ ಅಲ್ವಾ? ಕತ್ತಲೆ ಕೋಣೆ, ಮೇಲಿಂದ ಇಳಿಯುವ ಮಂಜಿನಂಥ ನೀರು, ಒಂದು ದೀಪ. ಬಣ್ಣ ಕಾಣಬೇಕಾದರೆ ನಾವೇ ಅತ್ತಿತ್ತ ನಡೆಯಬೇಕು. ಪಕ್ಕದವರ ಬಿಲ್ಲು ಬೇರೆ, ನಮ್ಮದು ಬೇರೆ. 2003ರಲ್ಲಿ ಲಂಡನ್ನಿನ ಕಲಾ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲಿ ದೀಪ, ಕನ್ನಡಿ, ಮಂಜಿನಿಂದ ಸೂರ್ಯನನ್ನೇ ಕಟ್ಟಿದವರು ಇವರು. ನನಗೆ ಮಾತ್ರ ಆ ಕತ್ತಲೆ ಕೋಣೆಯೇ ಜಾಸ್ತಿ ಇಷ್ಟ.

ಅಜ್ಜಿ ಸೆರಗು ಒದ್ದೆಯಾದರೂ ಸುಮ್ನೆ ನಿಂತೇ ಇದ್ದರು. ಪಂಪು ಬಂದ್ ಮಾಡಲು ಮನಸ್ಸೇ ಬರಲಿಲ್ಲ.