ಅರ್ಧ ಕಪ್ ಕಾಫಿ

ನಾನು ಆಕ್ರನ್‌ಗೆ ಬಂದು ಆರು ವರ್ಷ ಆಯಿತು. ಅಮೆರಿಕದ ಓಹಾಯೋ ರಾಜ್ಯದ ಊರು. ಒಂದು ಕಾಲಕ್ಕೆ ಟೈರ್ ಕಾರ್ಖಾನೆಗಳಿಗೆ ಹೆಸರಾಗಿತ್ತು. ಜೂನ್ ಬಂತೆಂದರೆ ಸಾವಿರಾರು ಜನ ಇಲ್ಲಿಗೆ ಬರುತ್ತಾರೆ, ಎಷ್ಟೋ ಜನ ಮೋಟಾರ್ ಸೈಕಲ್ ಮೇಲೆ. ಮೊದಲ ವರ್ಷ ಯಾವುದೋ ರ‍್ಯಾಲಿ ಅಂದುಕೊಂಡಿದ್ದೆ. ಪಕ್ಕದ ಮನೆಯ ಅಜ್ಜ ಹೇಳಿದರು, "ಇವರೆಲ್ಲ ಕುಡಿತ ಬಿಟ್ಟವರು. ಡಾಕ್ಟರ್ ಬಾಬ್ ಅವರ ಸಮಾಧಿಗೆ ಹೊರಟಿದ್ದಾರೆ." ಸ್ವಲ್ಪ ಹೊತ್ತು ಬಿಟ್ಟು, "ನಾನೂ ಅವರಲ್ಲೊಬ್ಬ" ಅಂದರು.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದು ಇದೇ ಊರಿನಲ್ಲಿ. 1935ರ ಮೇ ತಿಂಗಳು. ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯವಹಾರಕ್ಕೆಂದು ಬಂದಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೈಕೊಟ್ಟಿತು. ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ನಿಂತಿದ್ದರು, ಪಕ್ಕದಲ್ಲೇ ಬಾರ್. ಒಳಗೆ ಹೋಗುವ ಬದಲು ಊರಿನ ಚರ್ಚಿಗೆ ಫೋನ್ ಮಾಡಿದರು. ನನ್ನ ಹಾಗೇ ಕುಡಿತಕ್ಕೆ ಸಿಕ್ಕಿಕೊಂಡವರು ಯಾರಾದರೂ ಇದ್ದರೆ ಮಾತಾಡಬೇಕು ಅಂತ. ಹಾಗೆ ಸಿಕ್ಕವರು ಇಲ್ಲಿನ ಸರ್ಜನ್ ಬಾಬ್ ಸ್ಮಿತ್, ಅಜ್ಜ ಹೇಳಿದ ಡಾಕ್ಟರ್ ಬಾಬ್. ಬಾಬ್‌ಗೆ ಬರಲು ಮನಸ್ಸಿರಲಿಲ್ಲ, ಹದಿನೈದು ನಿಮಿಷ ಮಾತ್ರ ಅಂದಿದ್ದರು. ಕೂತಿದ್ದು ಗಂಟೆಗಟ್ಟಲೆ. ಬುದ್ಧಿ ಹೇಳುವವರನ್ನು ಅವರು ಬೇಕಾದಷ್ಟು ನೋಡಿದ್ದರು. ಆದರೆ ಈ ಮನುಷ್ಯ ಬುದ್ಧಿ ಹೇಳದೆ ತನ್ನ ಕತೆ ಹೇಳಿಕೊಂಡ.

ಬಿಲ್ ಸಹಾಯ ಕೇಳಿ ಫೋನ್ ಮಾಡಿದ್ದಲ್ಲ, ಸಹಾಯ ಮಾಡೋಕೆ ಒಬ್ಬ ಬೇಕು ಅಂತ ಮಾಡಿದ್ದು. ಇನ್ನೊಬ್ಬನ ಪಕ್ಕ ಕೂತರೆ ತಾನು ಉಳಿದುಕೊಳ್ಳುತ್ತೇನೆ ಅಂತ ಅವರಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇದೇ.

ಅಜ್ಜನಿಗೆ ಈಗ ರಾತ್ರಿ ಕಾರು ಓಡಿಸೋಕೆ ಕಣ್ಣು ಸಾಲದು. ವಾರಕ್ಕೊಮ್ಮೆ ನಾನೇ ಎಎ ಮೀಟಿಂಗಿಗೆ ಕರೆದುಕೊಂಡು ಹೋಗುತ್ತೇನೆ. ಅದು ಓಪನ್ ಮೀಟಿಂಗ್, ಯಾರು ಬೇಕಾದರೂ ಕೂರಬಹುದು. ಒಂದು ಚರ್ಚಿನ ಬೇಸ್‌ಮೆಂಟ್, ಮಡಚುವ ಕುರ್ಚಿಗಳು. ಫೀಸು ಇಲ್ಲ. ಒಂದು ಬುಟ್ಟಿ ಕೈಯಿಂದ ಕೈಗೆ ಹೋಗುತ್ತದೆ, ಮನಸ್ಸಿದ್ದವರು ಒಂದೆರಡು ಡಾಲರ್ ಹಾಕುತ್ತಾರೆ. ಹೊರಗಿನವರಿಂದ ದುಡ್ಡು ತೆಗೆದುಕೊಳ್ಳಬಾರದು ಅನ್ನೋದು ಅವರ ಪದ್ಧತಿ, ಹಾಗಾಗಿ ನಾನು ಹಾಕುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಹಾಕುವಂತಿಲ್ಲ. ಉಪದೇಶ ಇಲ್ಲ, ಪ್ರಶ್ನೆ ಇಲ್ಲ. ಅಲ್ಲಿ ಕೇಳಿದ್ದನ್ನು ನಾನು ಹೊರಗೆ ಹೇಳುವುದಿಲ್ಲ, ಕಂಡ ಒಂದೆರಡು ಸಂಗತಿ ಮಾತ್ರ ಬರೆಯುತ್ತೇನೆ.

ಒಂದು ಸಂಜೆ ಹೊಸಬನೊಬ್ಬ ಬಾಗಿಲ ಹತ್ತಿರ ನಿಂತಿದ್ದ. ಕೈ ನಡುಗುತ್ತಿತ್ತು. ಅಜ್ಜ ಎದ್ದು ಹೋಗಿ ಕಾಫಿ ಬಗ್ಗಿಸಿದರು, ಸರಿಯಾಗಿ ಅರ್ಧ ಕಪ್. ತುಂಬಿಸಿ ಕೊಟ್ಟರೆ ಚೆಲ್ಲುತ್ತದೆ, ಚೆಲ್ಲಿದರೆ ಅವನಿಗೆ ನಾಚಿಕೆಯಾಗುತ್ತದೆ, ಇನ್ನೊಮ್ಮೆ ಬರಲಿಕ್ಕಿಲ್ಲ. ಅಜ್ಜನಿಗೂ ಒಂದು ಕಾಲಕ್ಕೆ ಯಾರೋ ಹಾಗೇ ಕೊಟ್ಟಿದ್ದರಂತೆ.

ಕುಡಿಯದೆ ಉಳಿದ ದಿನಗಳ ಗುರುತಿಗೆ ನಾಣ್ಯ ಕೊಡುತ್ತಾರೆ, ಮೊದಲ ದಿನ 24 ಗಂಟೆಯದು, ಆಮೇಲೆ ತಿಂಗಳ ಲೆಕ್ಕದಲ್ಲಿ, ವರ್ಷದ ಲೆಕ್ಕದಲ್ಲಿ. ಆ ಹುಡುಗ ತಿಂಗಳ ನಾಣ್ಯ ತೆಗೆದುಕೊಂಡ. ಆಮೇಲೆ ಎರಡು ವಾರ ಕಾಣಲಿಲ್ಲ. ಅಜ್ಜ ದಿನಾ ಫೋನ್ ಮಾಡುತ್ತಿದ್ದರು, ಅವನು ಎತ್ತದಿದ್ದರೂ ಮಾಡುತ್ತಿದ್ದರು. ಮೂರನೇ ವಾರ ಬಂದ, ಮತ್ತೆ 24 ಗಂಟೆಯ ನಾಣ್ಯಕ್ಕೇ ಕೈ ಚಾಚಿದ. ಮೊದಲ ದಿನಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಬಿಲ್ ಸಿಕ್ಕ ಮೇಲೆ ಡಾಕ್ಟರ್ ಬಾಬ್ ಕೂಡ ಒಮ್ಮೆ ಜಾರಿದ್ದರು. ಅವರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಎಎ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ.

ಆ ಚಪ್ಪಾಳೆ ಕೇಳುವಾಗ ನನಗೆ ನೆನಪಾಗಿದ್ದು ಚಿಕ್ಕಪ್ಪ. ನಾವು ಅವರಿಗೆ ಏನು ಮಾಡಿದೆವು? ದೇವರ ಮುಂದೆ ಆಣೆ ಹಾಕಿಸಿದೆವು. ಆಣೆ ಮುರಿದಾಗ ಬೈದೆವು. ಕೊನೆಗೆ ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿದೆವು. ಎರಡನೇ ದಿನ ಅವರಿಗೆ ಫಿಟ್ಸ್ ಬಂತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು, ಆ ಹೊತ್ತಿಗೆ ಡಾಕ್ಟರ್ ಬೇಕೇ ಬೇಕು. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಎಎ ಶುರುವಾದ ಕಾಲಕ್ಕೆ ಆಕ್ರನ್ನಿನ ಆಸ್ಪತ್ರೆಗಳೂ ಕುಡುಕರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದವು. 1939ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಸಿಸ್ಟರ್ ಇಗ್ನೇಷಿಯಾ, ಡಾಕ್ಟರ್ ಬಾಬ್ ಕಳಿಸಿದ ರೋಗಿಯನ್ನು ಗ್ಯಾಸ್ಟ್ರೈಟಿಸ್, ಅಂದರೆ ಹೊಟ್ಟೆಯ ಉರಿಯೂತ, ಅಂತ ಬರೆದು ಒಳಗೆ ಸೇರಿಸಿಕೊಂಡರು. ಆ ಒಂದು ಸುಳ್ಳಿಗೆ ನಾನು ಕೈ ಮುಗಿಯುತ್ತೇನೆ.

ಚಿಕ್ಕಪ್ಪ ಈಗಿಲ್ಲ. ಚಿಕ್ಕಮ್ಮ ಇದ್ದಾರೆ. ಕುಡಿಯುವವರ ಮನೆಯವರಿಗೇ ಅಂತ ಅಲ್-ಅನಾನ್ ಎಂಬ ಬೇರೆ ಕೂಟ ಇದೆ, 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಗೆಳತಿಯೊಬ್ಬರ ಜೊತೆ ಸೇರಿ ಕಟ್ಟಿದ್ದು. ಹೋದ ಭಾನುವಾರ ಫೋನಿನಲ್ಲಿ ಸುಮ್ನೆ ಅದರ ವಿಷಯ ಎತ್ತಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಅಲ್ಲಿ ಹೆಂಗಸರೂ ಮಾತಾಡ್ತಾರೇನೋ?"

"ಮಾತಾಡ್ತಾರೆ ಚಿಕ್ಕಮ್ಮ."

"ಏನಂತ ಹೇಳ್ಕೋತಾರೆ?"

ನಾನು ಉತ್ತರ ಕೊಡುವ ಮೊದಲೇ ಅವರೇ ಶುರು ಮಾಡಿದರು. ಮುಕ್ಕಾಲು ಗಂಟೆ ಮಾತಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ.